ಮಳೆ ಹಿಡಿದಾಗ ಓದಲು, ನೋಡಲು ಒಂದಿಷ್ಟು ಕೊಲೆಗಳು

ಮೂರು ದಿನದಿಂದ ಜಿಟಿಜಿಟಿ ಮಳೆ. ಹೊಲಕ್ಕೆ ಕಾಲಿಡುವಂತಿಲ್ಲ, ಗೋವಿನಜೋಳಕ್ಕೆ ಗೊಬ್ಬರ ಹಾಕುವಂತಿಲ್ಲ. ಮೊನ್ನೆ ರಾತ್ರಿ ಒಂಬತ್ತು ಗಂಟೆಗೆ ಪಕ್ಕದೂರಿನ ಕಾಕಾ ಒಬ್ಬರು ಫೋನ್ ಮಾಡಿದರು. ಸ್ಟ್ರಿಂಗರ್‌ಗೆ ಆ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಎಲ್ಲೋ ಗೋಡೆ ಬಿದ್ದಿರಬೇಕು, ಹಳ್ಳದಲ್ಲಿ ಯಾರೋ ಸಿಕ್ಕಿಹಾಕಿಕೊಂಡಿರಬೇಕು ಅಂದುಕೊಂಡೇ ಎತ್ತಿದೆವು.

"ಏನಾತ್ರಿ ಕಾಕಾ?"

"ಏನೂ ಆಗಿಲ್ಲೋ ತಮ್ಮಾ, ಅದಕ್ಕ ಫೋನ್ ಮಾಡೀನಿ. ಮನ್ಯಾಗ ಕುಂತು ಕುಂತು ಸಾಕಾಗೇತಿ. ಒಂದು ಚಲೋ ಮರ್ಡರ್ ಪಿಚ್ಚರ್ ಇದ್ರ ಹೇಳು. ಹ್ವಾದ ಸಲ ನೀ ಹೇಳಿದ್ದು ಅರ್ಧಕ್ಕ ಗೊತ್ತಾತು, ಯಾರು ಅಂತ."

ಇಂಥ ಫೋನ್ ನಮಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ನಮ್ಮ ಸುತ್ತಿನ ಹತ್ತು ಹದಿನೈದು ಹಳ್ಳಿಗಳಲ್ಲಿ ಪತ್ತೇದಾರಿ ಹುಚ್ಚಿನವರ ಒಂದು ಸಣ್ಣ ಬಳಗವಿದೆ. ಅದರಲ್ಲಿ ಹಾಲಿನ ಡೇರಿ ಕಾರ್ಯದರ್ಶಿ ಇದ್ದಾರೆ, ಇಬ್ಬರು ಅಂಗನವಾಡಿ ಟೀಚರ್ ಇದ್ದಾರೆ, ನಿವೃತ್ತ ಲೈನ್‌ಮನ್ ಇದ್ದಾರೆ. ಯಾರಿಗೆ ಯಾವ ಪುಸ್ತಕ ಹಿಡಿಸುತ್ತದೆ, ಯಾರಿಗೆ ಯಾವ ಸಿನಿಮಾ ಹೇಳಬೇಕು ಎಂಬುದು ನಮ್ಮ ಖಾಯಂ ಕೆಲಸವಾಗಿಬಿಟ್ಟಿದೆ. (ಈ 'ನಾವು' ಎಂದರೆ ನಾವೊಬ್ಬರೇ. ಸುದ್ದಿಯಲ್ಲಿ 'ನಾನು' ಬರಬಾರದು ಎಂದು ಡಿಪ್ಲೊಮಾದಲ್ಲಿ ತಿದ್ದಿ ತಿದ್ದಿ ಹೇಳಿಕೊಟ್ಟರು. ಅದು ಈಗ ಮನೆಯಲ್ಲಿ ಊಟ ಕೇಳುವಾಗಲೂ ಬಿಡುತ್ತಿಲ್ಲ.)

ಕಾಕಾಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇವೆ.

ನಮಗೆ ಈ ಹುಚ್ಚು ಹತ್ತಿದ್ದು ಒಂದು ಹರಿದ ಪುಸ್ತಕದಿಂದ. ಏಳನೆಯ ಇಯತ್ತೆ ಇರಬೇಕು. ಸೋದರಮಾವನ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳು ಒಂದರ ಮೇಲೊಂದು ಇದ್ದವು. ಪತ್ತೇದಾರ ಪುರುಷೋತ್ತಮ ಕತ್ತಲಲ್ಲಿ ಗೋಡೆಗೆ ಆತು ನಿಂತರೆ ನಾವೂ ಉಸಿರು ಬಿಗಿಹಿಡಿಯುತ್ತಿದ್ದೆವು. ಒಂದು ಪುಸ್ತಕದ ಕೊನೆಯ ನಾಲ್ಕು ಹಾಳೆ ಇರಲಿಲ್ಲ. ಯಾರೋ ಬೀಡಿ ಹಚ್ಚಲಿಕ್ಕೋ ಖಾರ ಕಟ್ಟಲಿಕ್ಕೋ ಹರಿದುಕೊಂಡಿದ್ದರು. ಒಂದು ವಾರ ನಿದ್ದೆ ಇಲ್ಲ. ಕೊನೆಗೆ ನಾವೇ ಒಂದು ಮುಕ್ತಾಯ ಬರೆದು ನೋಟ್‌ಬುಕ್ಕಿನ ಹಾಳೆಯನ್ನು ಅನ್ನದ ಅಗುಳಿನಿಂದ ಅಂಟಿಸಿದೆವು. ಎಷ್ಟೋ ವರ್ಷದ ಮೇಲೆ ಹುಬ್ಬಳ್ಳಿಯಲ್ಲಿ ಹಳೇ ಪುಸ್ತಕದ ಅಂಗಡಿಯಲ್ಲಿ ಪೂರ್ತಿ ಪ್ರತಿ ಸಿಕ್ಕಿತು. ನಿಂತಲ್ಲೇ ಕೊನೆಯ ಹಾಳೆ ತೆರೆದೆವು. ನಾವು ಕೊಲೆಗಾರ ಎಂದು ಬರೆದಿದ್ದ ಮನುಷ್ಯ ಪೂರ್ತಿ ನಿರಪರಾಧಿ. ಆಗ ನಕ್ಕೆವು. ಆ ನಗುವಿನ ಲೆಕ್ಕ ಮುಂದೆ ಚುಕ್ತಾ ಆಯಿತು, ಹೇಳುತ್ತೇವೆ.

ನರಸಿಂಹಯ್ಯನವರು ಹೆಚ್ಚು ಓದಿದವರಲ್ಲ, ಪ್ರಾಥಮಿಕ ಶಾಲೆಯಲ್ಲೇ ಓದು ನಿಂತಿತು. ಆದರೆ 500ಕ್ಕೂ ಹೆಚ್ಚು ಕಾದಂಬರಿ ಬರೆದರು. 2011ರಲ್ಲಿ ತೀರಿಕೊಂಡರು. ವಿಮರ್ಶಕರು ಅವರನ್ನು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಆದರೆ ಹಳ್ಳಿಯಲ್ಲಿ ಅಕ್ಷರ ಕೂಡಿಸಿ ಓದುವುದನ್ನು ಕಲಿತ ಎಷ್ಟೋ ಜನ ಮೊದಲು ಮುಗಿಸಿದ ಪುಸ್ತಕ ಅವರದು. ಇಂದು ಓದಿದರೆ ಕಥೆ ಸ್ವಲ್ಪ ಅವಸರದ್ದು ಅನ್ನಿಸುತ್ತದೆ, ಕಾಕತಾಳೀಯಗಳು ಜಾಸ್ತಿ. ಆದರೂ ಓದು ಬಿಟ್ಟು ಹೋದ ಅಣ್ಣತಮ್ಮಂದಿರಿಗೆ ಮತ್ತೆ ಓದಿನ ರುಚಿ ಹತ್ತಿಸಬೇಕೆಂದರೆ ನಾವು ಕೊಡುವುದು ಇವನ್ನೇ.

ಇನ್ನೊಂದು ಮಾತು. ನವೆಂಬರ್ ಒಂದಕ್ಕೆ ಊರೂರಲ್ಲಿ ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡ ಓದುಗರನ್ನು ಹುಟ್ಟಿಸಲು ಪತ್ತೇದಾರಿ ಬರೆದವರು, ಕನ್ನಡಕ್ಕಾಗಿ ಬೀದಿಗಿಳಿದವರು. 1967ರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಮಕ್ಕಳೊಂದಿಗೆ ತೀರಿಕೊಂಡರು. ಹಾಗೆಯೇ 'ಬಂಗಾರದ ಮನುಷ್ಯ'ದ ರಾಜೀವಪ್ಪನನ್ನು ನೋಡಿ ಊರಿಗೆ ಮರಳಿ ಬೇಸಾಯ ಹಿಡಿದೆವು ಎನ್ನುವ ಹಿರಿಯರಿಗೆ ನಾವು ಒಂದು ವಿಷಯ ಹೇಳಿ ಬೆಚ್ಚಿಬೀಳಿಸುತ್ತೇವೆ: ಆ ಕಥೆಯ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾವ್ ಹೆಸರು ಮಾಡಿದ್ದೇ ಪತ್ತೇದಾರಿ, ಕುತೂಹಲದ ಕಾದಂಬರಿಗಳಿಂದ. ಹಳೇ ಗ್ರಂಥಾಲಯಗಳಲ್ಲಿ ಅವರ ಪುಸ್ತಕಗಳ ಬೆನ್ನು ಕಿತ್ತು ಹೋಗಿರುತ್ತದೆ. ಅದೇ ಗುರುತು, ಹುಡುಕಿ.

ಈಗ ಮುಖ್ಯ ವಿಷಯಕ್ಕೆ ಬರೋಣ, ಅಂದರೆ ತೇಜಸ್ವಿ.

ಪೂರ್ಣಚಂದ್ರ ತೇಜಸ್ವಿಯವರನ್ನು ಪತ್ತೇದಾರಿ ಕಪಾಟಿನಲ್ಲಿ ಇಟ್ಟರೆ ಮೇಷ್ಟ್ರುಗಳು ಸಿಟ್ಟಾಗುತ್ತಾರೆ. ಆಗಲಿ. 'ಜುಗಾರಿ ಕ್ರಾಸ್' ಓದಿದ ಮೇಲೆ ಹೇಳಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಗಂಡ ಹೆಂಡತಿ. ಕಾಡಿನ ನಡುವೆ ಒಂದು ಕೂಡುರಸ್ತೆ. ಹೆಚ್ಚುಕಡಿಮೆ ಒಂದು ದಿನದೊಳಗೆ ನಡೆದು ಹೋಗುವ ಕಥೆ. ನಮ್ಮ ಬಳಗದ ಲೈನ್‌ಮನ್ ಅಣ್ಣ ಇದನ್ನು ರಾತ್ರಿ ಊಟ ಮಾಡಿ ಹಿಡಿದವರು ಬೆಳಗಿನ ಮೊದಲ ಬಸ್ಸಿನ ಹಾರನ್ ಕೇಳಿದಾಗಲೇ ಕೆಳಗಿಟ್ಟಿದ್ದು. "ಇದ್ರಾಗ ಕಳ್ಳರು ಯಾರು, ಸಾಚಾ ಯಾರು ಅನ್ನೂದ ಗೊತ್ತಾಗಂಗಿಲ್ಲಲ್ರಿ" ಎಂದು ದೂರಿದರು. ಅದೇ ಅದರ ಗಮ್ಮತ್ತು. ಬೆಳೆದವನ ಕೈಗೆ ಬರುವ ದುಡ್ಡೆಷ್ಟು, ನಡುವೆ ಯಾರ್‍ಯಾರು ತಿನ್ನುತ್ತಾರೆ ಎಂಬುದು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತು ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ.

'ಚಿದಂಬರ ರಹಸ್ಯ' ಇನ್ನೂ ಆಳದ್ದು. ಕೆಸರೂರು ಎಂಬ ಊರು. ಏಲಕ್ಕಿ ಇಳುವರಿ ಬಿದ್ದುಹೋಗಿದೆ, ಒಬ್ಬ ವಿಜ್ಞಾನಿ ಸತ್ತಿದ್ದಾನೆ, ತನಿಖೆಗೆಂದು ಅಧಿಕಾರಿಯೊಬ್ಬ ಬರುತ್ತಾನೆ. 1987ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಮಾನ್ಯ ಪತ್ತೇದಾರಿಯಲ್ಲಿ ಪತ್ತೇದಾರ ಬಂದ ಮೇಲೆ ಊರು ಹಗುರಾಗುತ್ತದೆ, ಗಂಟು ಬಿಚ್ಚಿಕೊಳ್ಳುತ್ತದೆ. ಇಲ್ಲಿ ಉಲ್ಟಾ. ಯಾವನು ಕೊಂದ ಎಂದು ಹುಡುಕುತ್ತ ಹೋದರೆ ಜಾತಿ, ಗುಂಪುಗಾರಿಕೆ, ಮೌಢ್ಯ, ಹೊಟ್ಟೆಕಿಚ್ಚು, ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತವೆ. ನಗಿಸುತ್ತ ನಗಿಸುತ್ತ ಎಲ್ಲಿಗೋ ತಂದು ನಿಲ್ಲಿಸುತ್ತಾರೆ. ಅರ್ಧಕ್ಕೇ ಗೊತ್ತಾಯಿತು ಎನ್ನುವ ಕಾಕಾಗೆ ನಾವು ಪಂಥ ಕಟ್ಟಿ ಕೊಟ್ಟಿರುವುದು ಇದನ್ನೇ.

ಡೇರಿ ಕಾರ್ಯದರ್ಶಿಯವರಿಗೆ ಕೊಟ್ಟದ್ದು ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು'. ಗಣೇಶಯ್ಯ ಕೃಷಿ ವಿಜ್ಞಾನಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಇದೆ. ಗೋವಿನಜೋಳ ಅಮೆರಿಕಾ ಖಂಡದ ಬೆಳೆ. ಕೊಲಂಬಸ್ ಆ ಕಡೆ ಹೋದದ್ದು 1492ರಲ್ಲಿ. ಸೋಮನಾಥಪುರದ ಗುಡಿ 13ನೇ ಶತಮಾನದ್ದು. ಹಾಗಾದರೆ ಕಲ್ಲಿನಲ್ಲಿ ತೆನೆ ಬಂದದ್ದು ಹೇಗೆ? ಅದು ತೆನೆಯೇ ಎಂದು ವಾದಿಸುವ ವಿದ್ವಾಂಸರಿದ್ದಾರೆ, ಅಲ್ಲವೇ ಅಲ್ಲ ಎನ್ನುವವರೂ ಇದ್ದಾರೆ. ಆ ಎಳೆ ಹಿಡಿದು ಕಾದಂಬರಿ ಓಡುತ್ತದೆ. ಕಾರ್ಯದರ್ಶಿಯವರು ಹೊಲದಿಂದ ಒಂದು ತೆನೆ ಕಿತ್ತು ತಂದು, ಫೋನಿನಲ್ಲಿ ಶಿಲ್ಪದ ಫೋಟೋ ಹಿಗ್ಗಿಸಿ, ಕಾಳಿನ ಸಾಲು ಎಣಿಸುತ್ತ ಕೂತಿದ್ದರು. ತೀರ್ಪು ಇನ್ನೂ ಕೊಟ್ಟಿಲ್ಲ. ಮಾಹಿತಿ ತುಸು ಹೆಚ್ಚಾಗಿ, ಪಾತ್ರಗಳು ಪಾಠ ಮಾಡುವಂತೆ ಮಾತಾಡುತ್ತವೆ ಎಂಬ ದೂರು ನಮ್ಮದೂ ಇದೆ. ಆದರೂ ಬಿಡಲಾಗುವುದಿಲ್ಲ. ಅನುಷ್ ಶೆಟ್ಟಿಯವರ 'ಜೋಡ್ಪಾಲ', 'ಹುಲಿ ಪತ್ರಿಕೆ'ಗಳನ್ನು ಕಾಲೇಜು ಹುಡುಗರಿಗೆ ಕೊಡುತ್ತೇವೆ. ಸಣ್ಣ ಪುಸ್ತಕಗಳು, ಬಸ್ಸಿನಲ್ಲಿ ಓದಿ ಮುಗಿಸಬಹುದು.

ಸಿನಿಮಾ ಎಂದರೆ ಎಲ್ಲರೂ 'ದೃಶ್ಯ' ಎನ್ನುತ್ತಾರೆ. 2014ರಲ್ಲಿ ರವಿಚಂದ್ರನ್ ಮಾಡಿದ್ದು, ಮಲಯಾಳದ ಮೂಲ ಅದರ ಹಿಂದಿನ ವರ್ಷದ್ದು. ಅದರಲ್ಲಿ ಏನು ನಡೆಯಿತು ಎಂಬುದನ್ನು ನಮ್ಮ ಕಣ್ಣೆದುರೇ ತೋರಿಸಿಬಿಡುತ್ತಾರೆ. ಆದರೂ ಕುರ್ಚಿಯ ತುದಿಗೆ ಬಂದು ಕೂರುತ್ತೇವೆ. 'ಯಾರು' ಎಂಬುದೇ ಮುಖ್ಯವಲ್ಲ ಎಂದು ಕಾಕಾಗೆ ಒಪ್ಪಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಳೆಯದು ಬೇಕೆಂದರೆ ಕಾಶೀನಾಥರ 'ಅಪರಿಚಿತ' (1978), ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ' (1989). 'ತರ್ಕ'ದಲ್ಲಿ ಒಂದು ಹಾಡೂ ಇಲ್ಲ, ಆ ಕಾಲಕ್ಕೆ ಅದು ಭಂಡಧೈರ್ಯ. ಶಂಕರ್‌ನಾಗ್ ಇದ್ದಾರೆ ಎಂದು ಆಟೋ ಅಣ್ಣಂದಿರಿಗೆ ಹೇಳಿದರೆ ಸಾಕು. ದಯಾಳ್ ಪದ್ಮನಾಭನ್‌ರ 'ಆ ಕರಾಳ ರಾತ್ರಿ' ಮೋಹನ್ ಹಬ್ಬು ಅವರ ನಾಟಕದಿಂದ ಬಂದದ್ದು. ಒಂದು ಮನೆ, ಒಂದು ರಾತ್ರಿ, ಬಡತನ. ನೋಡಿದ ರಾತ್ರಿ ನಮ್ಮ ಅವ್ವ ಏನೂ ಮಾತಾಡದೆ ಬಾಗಿಲ ಚಿಲಕ ಎರಡು ಸಲ ನೋಡಿ ಬಂದಳು. 'ಬೆಲ್ ಬಾಟಂ' ನಗುವವರಿಗೆ. 'ರಂಗಿತರಂಗ' ದೆವ್ವವೋ ಮನುಷ್ಯನೋ ಎಂದು ಜಗಳಾಡುವವರಿಗೆ.

ನಮ್ಮ ವೃತ್ತಿಯವರಿಗೆ ಮಾತ್ರ ಬೇರೆ ಮೂರು ಹೇಳುತ್ತೇವೆ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014), ಪವನ್ ಕುಮಾರ್ ಅವರ 'ಯು ಟರ್ನ್' (2016), ಹೇಮಂತ್ ರಾವ್ ಅವರ 'ಕವಲುದಾರಿ' (2019). ಮೂರರಲ್ಲೂ ಪತ್ರಕರ್ತರಿದ್ದಾರೆ. ಮೊದಲನೆಯದರಲ್ಲಿ ರೆಜಿನಾ ಎಂಬ ಪತ್ರಕರ್ತೆ ಮಲ್ಪೆ ಕಡೆಯ ಒಂದು ಹಳೆಯ ಘಟನೆಯ ಬಗ್ಗೆ ಒಬ್ಬೊಬ್ಬರನ್ನೇ ಕೇಳುತ್ತ ಹೋಗುತ್ತಾಳೆ. ಒಬ್ಬರು ಕಂಡದ್ದು ಇನ್ನೊಬ್ಬರು ಕಂಡಂತಿಲ್ಲ. 'ಯು ಟರ್ನ್'ನ ಹುಡುಗಿ ಪತ್ರಿಕೆಯೊಂದರಲ್ಲಿ ಇಂಟರ್ನ್. ಬೆಂಗಳೂರಿನ ಫ್ಲೈಓವರ್ ಮೇಲೆ ಅಡ್ಡ ಇಟ್ಟ ಕಲ್ಲು ಸರಿಸಿ ಗಾಡಿ ತಿರುಗಿಸುವವರ ಮೇಲೆ ಒಂದು ವರದಿ ಮಾಡೋಣವೆಂದು ಹೆಸರುಗಳ ಪಟ್ಟಿ ಮಾಡುತ್ತಾಳೆ. ಸಣ್ಣ ವರದಿ, ಸಣ್ಣ ಪಟ್ಟಿ. ಒಂದು ರಾತ್ರಿ ಪೊಲೀಸರು ಬಾಗಿಲು ಬಡಿಯುತ್ತಾರೆ. ಅಲ್ಲಿಂದ ಮುಂದೆ ನೀವೇ ನೋಡಿ.

ನಾವು 'ಯು ಟರ್ನ್' ಮೊದಲ ಸಲ ನೋಡಿದ್ದು ಫೋನಿನಲ್ಲಿ, ಹಾಸಿಗೆಯಲ್ಲಿ, ಒಂದು ಕೆಟ್ಟ ವಾರದ ಕೊನೆಗೆ. ಆ ವಾರದ ವಿಷಯ ಇಲ್ಲಿವರೆಗೆ ಎಲ್ಲೂ ಬರೆದಿಲ್ಲ.

ಅದಕ್ಕೂ ಕೆಲವು ತಿಂಗಳ ಹಿಂದೆ ನಮ್ಮ ಭಾಗದ ಒಂದು ಹಳ್ಳಿಯಲ್ಲಿ ಹೊಲದ ಬಾವಿಯಲ್ಲಿ ಒಬ್ಬ ಯುವಕನ ಶವ ಸಿಕ್ಕಿತ್ತು. ನಾವು ಹೋದಾಗ ಪೊಲೀಸರು ಪಂಚನಾಮೆ ಬರೆಯುತ್ತಿದ್ದರು. ಸುತ್ತ ನಿಂತವರು ಮೆಲ್ಲಗೆ ಮಾತಾಡುತ್ತಿದ್ದರು: ಅಣ್ಣ ತಮ್ಮರಿಗೆ ಬದುವಿನ ಜಗಳ ಇತ್ತಂತೆ, ಹೋದ ಅಮವಾಸ್ಯೆಗೆ ಕೈ ಕೈ ಹತ್ತಿತ್ತಂತೆ. ನಮ್ಮ ಕಣ್ಣಿಗೆ ಬಿದ್ದದ್ದು ಚಪ್ಪಲಿ. ಬಾವಿಯಿಂದ ಸುಮಾರು ಮೂವತ್ತು ಹೆಜ್ಜೆ ದೂರದಲ್ಲಿ, ಬದುವಿನ ಮೇಲೆ, ಜೋಡಿಸಿ ಬಿಟ್ಟ ಚಪ್ಪಲಿ. ಒಳಗಿದ್ದ ಪತ್ತೇದಾರ ಪುರುಷೋತ್ತಮ ಎದ್ದು ಕೂತ. ಬಾವಿಗೆ ಬಿದ್ದವನ ಚಪ್ಪಲಿ ಅಷ್ಟು ದೂರ ಯಾಕೆ? ಯಾರೋ ತಂದು ಇಟ್ಟರೇ?

ಸಂಜೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಫೋನಿನಲ್ಲೇ ಟೈಪ್ ಮಾಡಿ ಕಳಿಸಿದೆವು. 'ನಿಗೂಢ ಸಾವು', 'ಚಪ್ಪಲಿ ಹುಟ್ಟಿಸಿದ ಅನುಮಾನ', 'ಸಹೋದರರ ನಡುವೆ ಜಮೀನು ವಿವಾದ ಇತ್ತು ಎನ್ನಲಾಗಿದೆ'. ಈ 'ಎನ್ನಲಾಗಿದೆ' ನಮ್ಮ ವೃತ್ತಿಯ ಕೊಡೆ. ಎಂಥ ಮಳೆಯಲ್ಲೂ ನಾವು ನೆನೆಯುವುದಿಲ್ಲ. ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂತು. ನಮ್ಮ ಹೆಸರು ಹಾಕಿರಲಿಲ್ಲ, ಹಾಕಬೇಕಿತ್ತು ಎಂದು ಅವತ್ತು ಬೇಸರ ಮಾಡಿಕೊಂಡಿದ್ದೆವು.

ಠಾಣೆಯಲ್ಲಿ ಅದು ದಾಖಲಾಗಿದ್ದು ಅಸಹಜ ಸಾವು ಎಂದು, ಪೊಲೀಸರ ಮಾತಿನಲ್ಲಿ ಯುಡಿಆರ್. ಆಗ ಸಿಆರ್‌ಪಿಸಿ 174, ಈಗ ಬಿಎನ್‌ಎಸ್‌ಎಸ್ 194. ಹೇಗೆ ಸತ್ತರು ಎಂದು ಗೊತ್ತಿಲ್ಲದಾಗ ತಿಳಿದುಕೊಳ್ಳಲು ನಡೆಸುವ ವಿಚಾರಣೆ ಅದು. ಕೊಲೆ ಕೇಸ್ ಅಲ್ಲ, ಯಾರ ಮೇಲೂ ಆರೋಪವಲ್ಲ. ಈ ವ್ಯತ್ಯಾಸ ನಮಗೆ ಗೊತ್ತಿತ್ತು. ಡಿಪ್ಲೊಮಾದಲ್ಲಿ ಒಂದು ಪೇಪರೇ ಇತ್ತು. ಆದರೂ ಬರೆದದ್ದು ಕಾದಂಬರಿಯ ಮೊದಲ ಅಧ್ಯಾಯದ ಹಾಗೆ.

ಮರಣೋತ್ತರ ವರದಿ ಬಂತು. ಆತ ಬಾವಿಗೆ ಇಳಿದದ್ದು ಪಂಪಿನ ಫುಟ್‌ವಾಲ್‌ಗೆ ಸಿಕ್ಕಿಕೊಂಡ ಕಸ ತೆಗೆಯಲು. ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ, ತಲೆಗೆ ಪೆಟ್ಟಾಗಿ ಮುಳುಗಿದ್ದ. ಅನುಮಾನಕ್ಕೆ ಆಸ್ಪದವಿಲ್ಲ ಎಂದು ಕಡತ ಮುಗಿಯಿತು. ಪೊಲೀಸ್ ಪೇದೆಯೊಬ್ಬರು ಚಹಾ ಕುಡಿಯುತ್ತ ಇದನ್ನು ಹೇಳಿದರು. ಅವತ್ತು ನಮಗೆ ತಾಲ್ಲೂಕು ಪಂಚಾಯಿತಿ ಸಭೆ ಇತ್ತು, ಮರುದಿನ ಆಲಿಕಲ್ಲು ಮಳೆಯ ಸುದ್ದಿ. ಎರಡು ಸಾಲು ಬರೆದು ಕಳಿಸಬೇಕಿತ್ತು. ಕಳಿಸಲಿಲ್ಲ. ಡೆಸ್ಕಿನವರು ಹಾಕಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ, ನಾವು ಕಳಿಸಲೇ ಇಲ್ಲ.

ಆ ಕೆಟ್ಟ ವಾರದಲ್ಲಿ ಸತ್ತವನ ಅಣ್ಣ ನಮ್ಮ ಮನೆಗೆ ಬಂದರು. ಐವತ್ತರ ಹತ್ತಿರದ ಮನುಷ್ಯ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಕಟ್ಟೆಯ ಮೇಲೂ ಕೂರಲಿಲ್ಲ. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನಿಂದ ನಾಲ್ಕು ಮಡಿಕೆಯ ಪೇಪರ್ ತುಂಡು ತೆಗೆದರು. ಮಗಳನ್ನು ನೋಡಲು ಬಂದಿದ್ದ ಬೀಗರು ಮಧ್ಯಸ್ಥರ ಕೈಯಲ್ಲಿ ಅದನ್ನು ಕೊಟ್ಟು ಕಳಿಸಿದ್ದರಂತೆ, ಬೇರೆ ಏನೂ ಹೇಳದೆ. ನಾವು ಬಯ್ಗುಳಕ್ಕೆ ತಯಾರಾಗಿ ನಿಂತೆವು. ಅವರು ಕೇಳಿದ್ದು ಒಂದೇ.

"ಚಪ್ಪಲಿ ಯಾಕ ಬರದ್ರಿ ತಮ್ಮಾ? ನಿಮ್ಮಪ್ಪ ಹೊಲಕ್ಕ ಹೋದ್ರ ಚಪ್ಪಲಿ ಎಲ್ಲಿ ಬಿಡ್ತಾನ?"

ನಮ್ಮಪ್ಪ ಚಪ್ಪಲಿ ಬದುವಿನ ಮೇಲೆ ಬಿಡುತ್ತಾನೆ. ಭೂಮಿತಾಯಿಯ ಮೇಲೆ ಮೆಟ್ಟಿನ ಕಾಲಿಡಬಾರದು ಎಂದು ನಮ್ಮ ಅಜ್ಜನೂ ಅಲ್ಲೇ ಬಿಡುತ್ತಿದ್ದ. ಹುಟ್ಟಿದಾಗಿನಿಂದ ನೋಡಿದ್ದನ್ನು, ಒಂದು ಸುಳಿವು ಬೇಕಾದ ಸಂಜೆ, ಮರೆತಿದ್ದೆವು.

ಮರುದಿನವೇ ಸ್ಪಷ್ಟೀಕರಣ ಬರೆದೆವು. ಒಳಪುಟದ ಕೆಳಗೆ, ಬಸ್ ಪಾಸ್ ಸುದ್ದಿಯ ಪಕ್ಕ, ನಾಲ್ಕು ಸಾಲು ಬಂತು. ಅದನ್ನು ಕತ್ತರಿಸಿ ಒಯ್ದು ಕೊಟ್ಟೆವು. ಅವರು ತೆಗೆದುಕೊಂಡು ಅದೇ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯದರ ಜೊತೆ ಇಟ್ಟರು. ಮೂರು ಕಾಲಂನ ಪಕ್ಕ ಆ ನಾಲ್ಕು ಸಾಲು ಹಿಡಿದರೆ ಎಷ್ಟು ಚಿಕ್ಕದು ಕಾಣುತ್ತಿತ್ತೆಂದರೆ, ಅದನ್ನು ಹೇಳದಿರುವುದೇ ಒಳ್ಳೆಯದು. ಮಗಳ ಮದುವೆ ಎರಡು ವರ್ಷದ ಮೇಲೆ ಬೇರೆ ಕಡೆ ಆಯಿತು. ನಮಗೂ ಕರೆ ಬಂದಿತ್ತು. ಹೋಗಿ ಹಿಂದಿನ ಪಂಕ್ತಿಯಲ್ಲಿ ಉಂಡು ಬಂದೆವು.

ಇದೆಲ್ಲ ಆದ ಮೇಲೂ ಪತ್ತೇದಾರಿ ಬಿಟ್ಟಿಲ್ಲ. ಬಿಡಬೇಕೆಂದು ಅನ್ನಿಸಿಯೂ ಇಲ್ಲ. ಆದರೆ ಓದುವ ರೀತಿ ಬದಲಾಗಿದೆ. ಈಗ ನಮಗೆ ಹಿಡಿಸುವುದು ಕೊಲೆಗಾರ ಸಿಕ್ಕ ಜಾಗವಲ್ಲ, ತಪ್ಪು ಮನುಷ್ಯನ ಮೇಲೆ ಬೆರಳು ಹೋಗುವ ಜಾಗ. ಅಲ್ಲಿ ಪುಸ್ತಕ ಮಡಚಿ ಆತನ ಮನೆಯಲ್ಲಿ ಅವತ್ತು ಅಡುಗೆ ಮಾಡಿರುತ್ತಾರೋ ಇಲ್ಲವೋ ಎಂದು ಯೋಚಿಸುತ್ತೇವೆ. ಬಹಳಷ್ಟು ಕಾದಂಬರಿಗಳು ಆ ಮನುಷ್ಯನನ್ನು ಮುಂದಿನ ಅಧ್ಯಾಯದಲ್ಲಿ ಮರೆತುಬಿಡುತ್ತವೆ. 'ಕವಲುದಾರಿ' ಇಷ್ಟವಾಗಲು ಅದೇ ಕಾರಣ. ನೆಲ ಅಗೆಯುವಾಗ ಎಲುಬು ಸಿಗುತ್ತವೆ, ಪ್ರಕರಣ ದಶಕಗಳಷ್ಟು ಹಳೆಯದು, ಅಲ್ಲಿಗೆ ಬಿಟ್ಟುಬಿಡಿ ಎನ್ನುತ್ತಾರೆ ಎಲ್ಲರೂ. ಟ್ರಾಫಿಕ್ ಎಸ್‌ಐ ಒಬ್ಬ ಬಿಡುವುದಿಲ್ಲ. ಅನಂತನಾಗ್ ಆಡಿದ ನಿವೃತ್ತ ಅಧಿಕಾರಿ ಹಳೆಯ ತನಿಖೆಯ ಭಾರವನ್ನು ಮೈಮೇಲೆ ಹೊತ್ತುಕೊಂಡೇ ಕೂತಿರುತ್ತಾನೆ. ಆ ಮುಖ ನೋಡಲಿಕ್ಕಾದರೂ ನೋಡಿ. ಅಚ್ಯುತ್ ಕುಮಾರ್ ಮಾಡಿದ ಪತ್ರಕರ್ತನನ್ನೂ ನೋಡಿ. ನಮ್ಮವರು ಯಾರಾದರೂ ನೆನಪಾಗದಿದ್ದರೆ ಕೇಳಿ.

ನೋಡುವ ಮುಂಚೆ ಒಂದು ಎಚ್ಚರಿಕೆ: ಸಿನಿಮಾದ ಹೆಸರು ಯೂಟ್ಯೂಬಿನಲ್ಲಿ ಹುಡುಕಬೇಡಿ. 'ಎಂಡಿಂಗ್ ಎಕ್ಸ್‌ಪ್ಲೇನ್ಡ್' ಎಂದು ಕೊಲೆಗಾರನ ಮುಖಕ್ಕೇ ಕೆಂಪು ಸುತ್ತು ಹಾಕಿದ ಫೋಟೋ ಮೊದಲೇ ಬರುತ್ತದೆ. ಪುಸ್ತಕಗಳಿಗೆ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದು ಬರೆದಿರುತ್ತದೆ, ಒಳಗೆ ಅದೇ ಕಪಾಟು. ತೇಜಸ್ವಿ ಬಹುತೇಕ ಇರುತ್ತಾರೆ. ಕೊನೆಯ ಹಾಳೆ ಇದೆಯೋ ಇಲ್ಲವೋ ನೋಡಿಯೇ ರಿಜಿಸ್ಟರಿಗೆ ಸಹಿ ಹಾಕಿ.

ಈ ಬರಹ ಮುಗಿಸುವ ಹೊತ್ತಿಗೆ ಕಾಕಾ ಮತ್ತೆ ಫೋನ್ ಮಾಡಿದರು. 'ಚಿದಂಬರ ರಹಸ್ಯ' ಅರ್ಧ ಮುಗಿದಿದೆಯಂತೆ.

"ಯಾರು ಅಂತ ಗೊತ್ತಾತೇನ್ರಿ?" ಎಂದು ಕೇಳಿದೆವು.

"ಇಲ್ಲೋ ಮಾರಾಯಾ. ಮೂರು ಮಂದಿ ಮ್ಯಾಲ ಸಂಶೇ ಐತಿ. ಅದ್ರಾಗ ಒಬ್ಬಾಂವ ನಮ್ಮೂರಾಂವನ ಅದಾನ ಅನ್ನಂಗ ಆಗಾಕತ್ತೇತಿ. ನೀ ಏನೂ ಹೇಳಬ್ಯಾಡ, ಇಡು ಫೋನ್."